ಆದಾಯ ಬರೆಯುವ ದಿನ ಯಾವುದು? ಐದು ಪದ್ಧತಿಗಳ ಹೋಲಿಕೆ

ವರ್ಷದ ಚಂದಾ ಹಣ ಇಂದೇ ಪೂರ್ತಿ ಬಂದಿದೆ, ಸೇವೆ ಕೊಡಬೇಕಾದದ್ದು ಮುಂದಿನ ಹನ್ನೆರಡು ತಿಂಗಳು. ಇದನ್ನು ಆದಾಯ ಎಂದು ಯಾವಾಗ ಬರೆಯಬೇಕು? ಸರಕು ಗೋದಾಮಿನಿಂದ ಹೊರಟಿದೆ, ಬಿಲ್ಲೂ ಹೋಗಿದೆ, ಗ್ರಾಹಕರಿಗೆ ಇನ್ನೂ ತಲುಪಿಲ್ಲ. ನಾಳೆಯಿಂದ ಹೊಸ ಲೆಕ್ಕವರ್ಷ. ಈ ಮಾರಾಟ ಯಾವ ವರ್ಷದ್ದು? ಮೂರು ವರ್ಷದ ಗುತ್ತಿಗೆ ಅರ್ಧದಾರಿಗೆ ಬಂದಿದೆ. ಅರ್ಧ ಆದಾಯ ತೋರಿಸಬಹುದೇ, ಮುಗಿಯುವ ತನಕ ಕಾಯಬೇಕೇ? ಸಣ್ಣ ವ್ಯವಹಾರ ನಡೆಸುವವರು, ಲೆಕ್ಕ ವಿಭಾಗಕ್ಕೆ ಹೊಸದಾಗಿ ಸೇರಿದವರು, ಕಂಪನಿ ಕಟ್ಟುತ್ತಿರುವವರು, ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗಳನ್ನು ಎದುರಿಸುತ್ತಾರೆ.

ಮುಂದಿರುವ ದಾರಿಗಳು ಸ್ಥೂಲವಾಗಿ ಐದು. ಹಣ ಕೈಸೇರಿದಾಗ ಬರೆಯುವುದು, ಬಿಲ್ ಹಾಕಿದಾಗ ಬರೆಯುವುದು, ಸರಕು ಅಥವಾ ಸೇವೆ ಗ್ರಾಹಕರ ವಶಕ್ಕೆ ಹೋದ ಗಳಿಗೆಯಲ್ಲಿ ಬರೆಯುವುದು, ಕೆಲಸ ಸಾಗಿದಷ್ಟಕ್ಕೆ ಅವಧಿಯುದ್ದಕ್ಕೂ ಬರೆಯುತ್ತಾ ಹೋಗುವುದು, ಎಲ್ಲ ಮುಗಿದ ಮೇಲೆ ಒಂದೇ ಸಲ ಬರೆಯುವುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಐದರಲ್ಲಿ ನಿಮ್ಮ ಇಷ್ಟಕ್ಕೆ ಬಿಟ್ಟದ್ದು ತೋರುವುದಕ್ಕಿಂತ ಬಹಳ ಕಡಿಮೆ. ಗ್ರಾಹಕರಿಗೆ ಏನು ಕೊಡುವುದಾಗಿ ಮಾತು ಕೊಟ್ಟಿದ್ದೀರಿ, ಆ ಮಾತು ಯಾವಾಗ ನೆರವೇರುತ್ತದೆ ಎನ್ನುವುದೇ ಪದ್ಧತಿಯನ್ನು ನಿರ್ಧರಿಸುತ್ತದೆ. ಹಾಗಾಗಿ ಯೋಚಿಸಬೇಕಾದ ಸಮಯ ವರ್ಷದ ಕೊನೆಯ ವಾರವಲ್ಲ, ಕರಾರಿಗೆ ಸಹಿ ಬೀಳುವ ಮುನ್ನ.

ತೂಗುವುದು ಯಾವುದರ ಮೇಲೆ

ಎಲ್ಲಕ್ಕಿಂತ ಮೊದಲು, ನಿಮ್ಮ ಲೆಕ್ಕವನ್ನು ಓದುವವರು ಯಾರು ಎಂದು ಕೇಳಿಕೊಳ್ಳಿ. ಮಾಲೀಕರೊಬ್ಬರೇ ನೋಡುವ ಪುಸ್ತಕ ಬೇರೆ, ಸಾಲ ಕೊಟ್ಟ ಬ್ಯಾಂಕು ಮತ್ತು ಹೂಡಿಕೆದಾರರು ನೋಡುವ ವರದಿ ಬೇರೆ. ಷೇರುಪೇಟೆಯಲ್ಲಿರುವ ಕಂಪನಿಗಂತೂ ದಾರಿಯನ್ನು ಮಾನದಂಡವೇ ತೋರಿಸುತ್ತದೆ. ಲೆಕ್ಕದ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ಐಎಎಸ್‌ಬಿ ಮತ್ತು ಅಮೆರಿಕದ ಅಂಥದ್ದೇ ಮಂಡಳಿ ಎಫ್‌ಎಎಸ್‌ಬಿ ಜೊತೆಗೂಡಿ ರೂಪಿಸಿದ ಆದಾಯದ ನಿಯಮ 2014ರ ಮೇ ತಿಂಗಳಲ್ಲಿ ಹೊರಬಂತು. ಮೊದಲನೆಯವರು ಅದನ್ನು ಐಎಫ್‌ಆರ್‌ಎಸ್ 15 ಎಂದು ಕರೆದರು, ಎರಡನೆಯವರು ಎಎಸ್‌ಸಿ 606 ಎಂದು. ಐಎಫ್‌ಆರ್‌ಎಸ್ 15 ಜಾರಿಗೆ ಬಂದದ್ದು 2018ರ ಜನವರಿ 1ರಿಂದ. ಅದಕ್ಕೆ ಮುಂಚೆ ಸರಕು ಮತ್ತು ಸೇವೆಗೆ ಐಎಎಸ್ 18, ನಿರ್ಮಾಣ ಗುತ್ತಿಗೆಗೆ ಐಎಎಸ್ 11 ಇದ್ದವು. ಅಮೆರಿಕದಲ್ಲಿ ಬಹುಮಟ್ಟಿಗೆ ಉದ್ಯಮಕ್ಕೊಂದು ನಿಯಮವಿತ್ತು. ಸರಕು ಮಾರಾಟದಲ್ಲಿ ಹಳೆಯ ನಿಯಮ ಮುಖ್ಯವಾಗಿ ನೋಡುತ್ತಿದ್ದುದು ವಸ್ತುವಿನ ಲಾಭ ಮತ್ತು ಅಪಾಯಗಳು ಯಾರ ಪಾಲಿಗೆ ಹೋದವು ಎಂಬುದನ್ನು. ಹೊಸ ನಿಯಮ ನೋಡುವುದು ಅದರ ಮೇಲಿನ ಹಿಡಿತ ಯಾರ ಕೈಗೆ ಹೋಯಿತು ಎಂಬುದನ್ನು.

ಎರಡನೆಯದು, ಹಣ ಬರುವುದಕ್ಕೂ ಕೆಲಸ ಆಗುವುದಕ್ಕೂ ನಡುವಿನ ಅಂತರ. ಅಂತರ ಇಲ್ಲದಿದ್ದರೆ ಯಾವ ಪದ್ಧತಿ ಹಿಡಿದರೂ ಅಂಕಿ ಒಂದೇ. ಅಂತರ ತಿಂಗಳುಗಳಿಗೆ, ವರ್ಷಗಳಿಗೆ ಹಿಗ್ಗಿದಂತೆ ತಪ್ಪು ಪದ್ಧತಿಯ ಪೆಟ್ಟು ಜೋರಾಗುತ್ತದೆ. ಮೂರನೆಯದು, ಆದ ಕೆಲಸವನ್ನು ನಂಬಬಹುದಾದ ರೀತಿಯಲ್ಲಿ ಅಳೆಯಲು ಸಾಧ್ಯವೇ ಎಂಬುದು. ನಾಲ್ಕನೆಯದು, ಇಂದು ಬರೆದ ಆದಾಯವನ್ನು ನಾಳೆ ಅಳಿಸಬೇಕಾದ ಸಂಭವ ಎಷ್ಟು: ಸರಕು ವಾಪಸಾಗಬಹುದೇ, ದಂಡ ಬೀಳಬಹುದೇ, ಗ್ರಾಹಕರು ಒಪ್ಪದೇ ಹೋಗಬಹುದೇ? ಕೊನೆಯದು ಖರ್ಚು. ಪ್ರತಿ ಕರಾರಿಗೂ ಬೇರೆ ಹಾಳೆ ಇಡಲು ಜನ ಬೇಕು, ಸಮಯ ಬೇಕು. ಕೈಯಲ್ಲಿ ಹತ್ತೇ ಕರಾರು ಇರುವವರಿಗೂ ಹತ್ತು ಸಾವಿರ ಚಂದಾದಾರರಿರುವವರಿಗೂ ಒಂದೇ ಸಲಹೆ ಒಗ್ಗುವುದಿಲ್ಲ.

ಹಣ ಬಂದಾಗ

ನಗದು ಪದ್ಧತಿಯಷ್ಟು ಸರಳವಾದದ್ದು ಇನ್ನೊಂದಿಲ್ಲ. ಬ್ಯಾಂಕಿಗೆ ಜಮೆಯಾದದ್ದು ಆದಾಯ, ಬ್ಯಾಂಕಿನಿಂದ ಹೋದದ್ದು ಖರ್ಚು. ಬ್ಯಾಂಕ್ ಪಟ್ಟಿಯೊಂದಿಗೆ ತಾಳೆ ನೋಡಿದರೆ ಲೆಕ್ಕ ಮುಗಿಯಿತು. ವಸೂಲಾಗದ ಬಾಕಿಯನ್ನು ಆದಾಯ ಎಂದು ತೋರಿಸುವ ಅಪಾಯವೇ ಇಲ್ಲ. ಎಷ್ಟೋ ದೇಶಗಳ ತೆರಿಗೆ ಕಾನೂನುಗಳು ಒಂದು ಮಿತಿಯೊಳಗಿನ ಸಣ್ಣ ವ್ಯವಹಾರಗಳಿಗೆ ಇದನ್ನು ಒಪ್ಪುತ್ತವೆ ಕೂಡ. ಒಬ್ಬರೇ ದುಡಿಯುವವರು, ಕೆಲಸ ಮುಗಿದ ಕೂಡಲೇ ಹಣ ಪಡೆಯುವವರು ಇದನ್ನೇ ಇಟ್ಟುಕೊಂಡರೆ ನಷ್ಟವಿಲ್ಲ.

ಆದರೆ ಮುಂಗಡ ಪಡೆಯುವ ವ್ಯವಹಾರದಲ್ಲಿ ಇದು ಮಾಲೀಕರನ್ನೇ ದಾರಿ ತಪ್ಪಿಸುತ್ತದೆ. ವರ್ಷದ ಕೊನೆಯ ತಿಂಗಳಲ್ಲಿ 1,20,000 ಚಂದಾ ಬಂತೆನ್ನಿ. ನಗದು ಪದ್ಧತಿಯಲ್ಲಿ ಈ ವರ್ಷ 1,20,000 ಆದಾಯ, ಮುಂದಿನ ವರ್ಷ ಸೊನ್ನೆ. ಕೆಲಸ ನೋಡಿದರೆ ಈ ವರ್ಷ ಆದದ್ದು ಒಂದೇ ತಿಂಗಳು, ಉಳಿದ ಹನ್ನೊಂದು ತಿಂಗಳ ಸೇವೆ ಇನ್ನೂ ನಿಮ್ಮ ತಲೆಯ ಮೇಲಿದೆ. ಆ ಹೊಣೆ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಲಾಭ ಬಂತೆಂದು ನಂಬಿ ಹಣ ಖರ್ಚು ಮಾಡಿ, ಸೇವೆ ಕೊಡುವ ಹೊತ್ತಿಗೆ ಸಂಬಳಕ್ಕೂ ತಡಕಾಡುವ ಸ್ಥಿತಿ ಹುಟ್ಟುವುದು ಹೀಗೆ. ತೆರಿಗೆಗೆ ನಗದು ಪದ್ಧತಿ ಇಟ್ಟುಕೊಂಡರೂ ಸರಿ, ಮುಂಗಡವಾಗಿ ಬಂದು ಇನ್ನೂ ಕೆಲಸ ಮಾಡದ ಹಣದ ಪಟ್ಟಿಯೊಂದನ್ನು ಬೇರೆಯಾಗಿ ಇಡಿ ಎಂಬುದು ನನ್ನ ಕಳಕಳಿಯ ಮಾತು.

ಬಿಲ್ ಹಾಕಿದಾಗ

ಲೆಕ್ಕದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ಇನ್‌ವಾಯ್ಸ್ ಉಳಿಸಿದ ಕ್ಷಣ ಮಾರಾಟದ ಖಾತೆಗೆ ಜಮೆ, ಗ್ರಾಹಕರ ಖಾತೆಯಲ್ಲಿ ಅಷ್ಟೇ ಬಾಕಿ. ಹೀಗಾಗಿ ಬಿಲ್ಲಿನ ತಾರೀಖೇ ಆದಾಯದ ತಾರೀಖು ಎಂಬ ನಂಬಿಕೆ ಬಲವಾಗಿ ಕೂತಿದೆ. ಬಿಲ್ಲು ಹಣ ಕೇಳುವ ಕಾಗದ ಮಾತ್ರ. ಕೆಲಸ ಆಯಿತು ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಮಾರಾಟದ ಮೇಲಿನ ತೆರಿಗೆಗೆ ಬಿಲ್ಲಿನ ತಾರೀಖು ಮುಖ್ಯವಾಗಬಹುದು, ಅದು ಬೇರೆಯೇ ಕಾನೂನಿನ ಬೇರೆಯೇ ಪ್ರಶ್ನೆ.

ಬಿಲ್ಲನ್ನು ಧೈರ್ಯವಾಗಿ ಅನುಸರಿಸಬಹುದಾದ ಸಂದರ್ಭ ಒಂದಿದೆ. ಗಂಟೆ ಲೆಕ್ಕದಲ್ಲಿ ಸಲಹೆ ಕೊಡುವವರು, ತಿಂಗಳಿಗೆ ಇಷ್ಟು ಗಂಟೆ, ಗಂಟೆಗೆ ಇಷ್ಟು ದರ ಎಂದು ಬಿಲ್ ಮಾಡುವವರು. ಇಲ್ಲಿ ಬಿಲ್ಲಿನ ಮೊತ್ತವೂ ಗ್ರಾಹಕರಿಗೆ ಈವರೆಗೆ ಸಿಕ್ಕ ಸೇವೆಯ ಮೌಲ್ಯವೂ ನೇರವಾಗಿ ಹೊಂದುತ್ತವೆ. ಇಂಥ ಕಡೆ ಬಿಲ್ ಮಾಡುವ ಹಕ್ಕು ಇರುವಷ್ಟನ್ನೇ ಆದಾಯವಾಗಿ ಬರೆಯಲು ಐಎಫ್‌ಆರ್‌ಎಸ್ 15 ಅನುಕೂಲ ಮಾಡಿಕೊಟ್ಟಿದೆ. ಮೊದಲ ತಿಂಗಳಿಗೆ ದೊಡ್ಡ ಮೊತ್ತ, ಆಮೇಲೆ ಚಿಕ್ಕ ಕಂತು ಎಂದು ಬಿಲ್ಲಿನ ಭಾರವನ್ನು ಮೊದಲಿಗೇ ಎಳೆದುಕೊಂಡಿದ್ದರೆ ಈ ಅನುಕೂಲ ಸಿಗದು. ಗಂಟೆ ಲೆಕ್ಕದವರಿಗೆ ಇದಕ್ಕಿಂತ ಅಗ್ಗದ, ಪ್ರಾಮಾಣಿಕವಾದ ದಾರಿ ಬೇರಿಲ್ಲ.

ವಶಕ್ಕೆ ಹೋದ ಗಳಿಗೆ

ಸರಕು ಮಾರುವವರಲ್ಲಿ ಹೆಚ್ಚಿನವರಿಗೆ ಸರಿಹೊಂದುವುದು ಇದು. ಗ್ರಾಹಕರು ಆ ವಸ್ತುವನ್ನು ತಮಗೆ ಬೇಕಾದಂತೆ ಬಳಸುವ, ಅದರ ಪ್ರಯೋಜನ ಪಡೆಯುವ ಸ್ಥಿತಿಗೆ ಯಾವ ಗಳಿಗೆಯಲ್ಲಿ ಬಂದರೋ ಆಗ ಆದಾಯ. ಇದನ್ನು ಗುರುತಿಸಲು ನೋಡಬೇಕಾದ ಸುಳಿವುಗಳು: ಹಣ ಕೇಳುವ ಹಕ್ಕು ಈಗ ನಿಮಗಿದೆಯೇ, ಕಾನೂನಿನ ಪ್ರಕಾರ ಒಡೆತನ ಬದಲಾಗಿದೆಯೇ, ವಸ್ತು ಅವರ ಕೈಯಲ್ಲಿದೆಯೇ, ಅದು ಹಾಳಾದರೆ ನಷ್ಟ ಯಾರದು, ಅವರು ಪರೀಕ್ಷಿಸಿ ಒಪ್ಪಿಕೊಂಡಿದ್ದಾರೆಯೇ. ಯಾವುದಾದರೂ ಒಂದು ಸುಳಿವು ಮಾತ್ರ ನೋಡಿ ತೀರ್ಮಾನಿಸಬಾರದು, ಒಟ್ಟಾಗಿ ತೂಗಬೇಕು.

ದಾರಿಯಲ್ಲಿರುವ ಸರಕಿನ ಉತ್ತರ ಸಿಗುವುದು ಸಾಗಾಟದ ಷರತ್ತಿನಲ್ಲಿ. ಎಫ್‌ಒಬಿ ಷರತ್ತಿನಲ್ಲಿ ಸರಕು ಹಡಗಿಗೆ ಏರಿದ ಮೇಲೆ ಅಪಾಯ ಖರೀದಿದಾರರದ್ದು. ಸಾಮಾನ್ಯವಾಗಿ ಆಗಲೇ ಆದಾಯ. ಹೇಳಿದ ಜಾಗಕ್ಕೆ ತಲುಪಿಸುವ ಡಿಎಪಿ ಷರತ್ತಿದ್ದರೆ ತಲುಪುವ ತನಕ ಅದು ನಿಮ್ಮ ದಾಸ್ತಾನೇ. ಒಂದೇ ಸರಕು, ಒಂದೇ ಬೆಲೆ, ಒಂದೇ ದಿನ ಹೊರಟದ್ದು. ಮೂರಕ್ಷರದ ಷರತ್ತೊಂದು ಅದನ್ನು ಈ ವರ್ಷಕ್ಕೋ ಮುಂದಿನ ವರ್ಷಕ್ಕೋ ತಳ್ಳುತ್ತದೆ. ಪದ್ಧತಿಯನ್ನು ಆರಿಸುವುದು ಕರಾರು ಎಂದದ್ದು ಇದಕ್ಕೇ.

ವಾಪಸಾಗುವ ಸರಕಿನ ವಿಷಯದಲ್ಲಿ ಜನ ಎರಡು ತುದಿಗಳಿಗೆ ಹೋಗುತ್ತಾರೆ. ಕೆಲವರು ಪೂರ್ತಿ ಬರೆದು ಆಮೇಲೆ ಕಳೆಯುತ್ತಾರೆ, ಕೆಲವರು ವಾಪಸಿನ ಅವಧಿ ಮುಗಿಯುವ ತನಕ ಏನನ್ನೂ ಬರೆಯುವುದಿಲ್ಲ. ಸರಿಯಾದ ದಾರಿ ನಡುವಿನದು. ತಲಾ 500ರ 200 ವಸ್ತು ಮಾರಿದ್ದೀರಿ, ಹಿಂದಿನ ಅನುಭವದಿಂದ ನೂರಕ್ಕೆ 5 ವಾಪಸು ಬರುತ್ತವೆ ಎಂದು ಗೊತ್ತಿದೆ ಎನ್ನಿ. ಆದಾಯ 95,000, ಉಳಿದ 5,000 ಹಿಂದಿರುಗಿಸಬೇಕಾದ ಹೊಣೆ, ಬರಲಿರುವ ಹತ್ತು ವಸ್ತುಗಳು ಆಸ್ತಿಯ ಬದಿಯಲ್ಲಿ. ಹೊಸ ಉತ್ಪನ್ನ, ಯಾವ ಅನುಭವವೂ ಇಲ್ಲ ಎಂದಾದರೆ ಮಾತ್ರ ಕಾಯುವುದು ನ್ಯಾಯ. ಮಾರಾಟವಾದರೆ ಹಣ, ಇಲ್ಲದಿದ್ದರೆ ಸರಕು ವಾಪಸು ಎಂಬ ಷರತ್ತಿನಲ್ಲಿ ಬೇರೆಯವರ ಅಂಗಡಿಯಲ್ಲಿ ಇಟ್ಟ ಸರಕು, ಕೊನೆಯ ಗ್ರಾಹಕರು ಕೊಳ್ಳುವವರೆಗೆ ಸಾಮಾನ್ಯವಾಗಿ ನಿಮ್ಮದೇ.

ಬಿಲ್ ಮಾಡಿ ಸರಕನ್ನು ನಿಮ್ಮ ಕಡೆಯೇ ಇಟ್ಟುಕೊಳ್ಳುವ ವ್ಯವಹಾರದಲ್ಲಿ ತುಂಬ ಎಚ್ಚರ ಬೇಕು. ಹೀಗೆ ಇಟ್ಟುಕೊಂಡದ್ದಕ್ಕೆ ನಿಜವಾದ ಕಾರಣವಿರಬೇಕು, ಉದಾಹರಣೆಗೆ ಗ್ರಾಹಕರೇ ಕೇಳಿಕೊಂಡಿರಬೇಕು. ಸರಕು ಅವರದ್ದೆಂದು ಬೇರೆಯಾಗಿ ಗುರುತಾಗಿರಬೇಕು, ಕೇಳಿದ ತಕ್ಷಣ ಕಳಿಸಲು ಸಿದ್ಧವಿರಬೇಕು, ನೀವು ಅದನ್ನು ಬಳಸುವಂತೆಯೂ ಇಲ್ಲ, ಇನ್ನೊಬ್ಬರಿಗೆ ಮಾರುವಂತೆಯೂ ಇಲ್ಲ. ನಾಲ್ಕರಲ್ಲಿ ಒಂದು ತಪ್ಪಿದರೂ ಆದಾಯವಿಲ್ಲ. ಅಮೆರಿಕದ ಸನ್‌ಬೀಮ್ ಕಂಪನಿ 1997ರಲ್ಲಿ ಹಂಗಾಮಿಗೆ ತಿಂಗಳುಗಳ ಮೊದಲೇ ಅಡುಗೆ ಗ್ರಿಲ್‌ಗಳನ್ನು ರಿಯಾಯಿತಿ ಕೊಟ್ಟು ಮಾರಿ, ಸರಕನ್ನು ಗೋದಾಮಿನಲ್ಲೇ ಇರಿಸಿಕೊಂಡು ಆದಾಯ ತೋರಿಸಿತು. ಮರುವರ್ಷವೇ ಆ ಲೆಕ್ಕಗಳನ್ನು ತಿದ್ದಿ ಬರೆಯಬೇಕಾಯಿತು. ಮುಂದಿನ ವರ್ಷದ ಮಾರಾಟವನ್ನು ಈ ವರ್ಷಕ್ಕೆ ಎಳೆದುಕೊಂಡವರಿಗೆ ಮುಂದಿನ ವರ್ಷ ಮಾರಲು ಏನೂ ಉಳಿದಿರುವುದಿಲ್ಲ.

ಕೆಲಸ ಸಾಗಿದಂತೆ

ಹೋಲಿಕೆ ನಿಜವಾಗಿ ಕಠಿಣವಾಗುವುದು ಇಲ್ಲಿ. ಅವಧಿಯುದ್ದಕ್ಕೂ ಆದಾಯ ಬರೆಯುವುದು ಅನುಕೂಲದ ಪ್ರಶ್ನೆಯಲ್ಲ. ಮೂರರಲ್ಲಿ ಒಂದು ಪರೀಕ್ಷೆಯನ್ನಾದರೂ ಕರಾರು ದಾಟಬೇಕು. ನೀವು ಕೆಲಸ ಮಾಡುತ್ತಿದ್ದಂತೆಯೇ ಗ್ರಾಹಕರು ಅದರ ಪ್ರಯೋಜನ ಅನುಭವಿಸುತ್ತಿದ್ದರೆ ಒಂದು. ಕಾವಲು, ಶುಚಿ, ನಿರ್ವಹಣೆಯಂಥ ಸೇವೆಗಳು ಇದಕ್ಕೆ ಸೇರುತ್ತವೆ. ನೀವು ಕಟ್ಟುತ್ತಿರುವುದು ಗ್ರಾಹಕರ ವಶದಲ್ಲಿರುವ ಆಸ್ತಿಯ ಮೇಲೇ ಆದರೆ ಎರಡು; ಅವರ ಜಮೀನಿನಲ್ಲಿ ಏಳುತ್ತಿರುವ ಕಟ್ಟಡದಂತೆ. ಮೂರನೆಯದು ಸೂಕ್ಷ್ಮ: ತಯಾರಾಗುತ್ತಿರುವ ವಸ್ತು ನಿಮಗೆ ಬೇರೆ ಯಾವ ಬಳಕೆಗೂ ಬಾರದು, ಜೊತೆಗೆ ಈವರೆಗೆ ಮಾಡಿದ ಕೆಲಸಕ್ಕೆ ಹಣ ಕೇಳುವ, ಕಾನೂನು ಎತ್ತಿಹಿಡಿಯುವ ಹಕ್ಕು ನಿಮಗಿದೆ. ಎರಡೂ ಇರಬೇಕು.

ಈ ಕೊನೆಯ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಳ್ಳದೆ ಬಿಟ್ಟವರು ಬಹಳ. ಗ್ರಾಹಕರು ನಡುವೆ ಕೈಬಿಟ್ಟರೆ ಆದ ವೆಚ್ಚ ಮಾತ್ರ ಕೊಡುತ್ತಾರೆ, ಲಾಭದ ಅಂಶ ಕೊಡುವುದಿಲ್ಲ ಎಂದಿದ್ದರೆ ಮೂರನೆಯ ಪರೀಕ್ಷೆ ದಾಟುವುದಿಲ್ಲ. ಆಗ ಎರಡು ವರ್ಷ ದುಡಿದರೂ ಆದಾಯ ಕಾಣುವುದು ಒಪ್ಪಿಸಿದ ದಿನವೇ. ವಕೀಲರು ಬರೆದ ಒಂದು ಸಾಲು ಎರಡು ವರ್ಷದ ಲಾಭ-ನಷ್ಟ ಖಾತೆಯನ್ನು ಬರಿದು ಮಾಡಬಲ್ಲದು. ಬ್ಯಾಂಕಿಗೆ ವರ್ಷವರ್ಷ ಲಾಭ ತೋರಿಸಲೇಬೇಕಾದ ವ್ಯವಹಾರಕ್ಕೆ ಇದು ದೊಡ್ಡ ವಿಷಯ.

ಪರೀಕ್ಷೆ ದಾಟಿತೆನ್ನಿ. ಎಷ್ಟು ಕೆಲಸ ಆಯಿತೆಂದು ಅಳೆಯುವುದು ಹೇಗೆ? ಚಂದಾ, ನಿರ್ವಹಣೆಯಂಥ ಸಮನಾದ ಸೇವೆಗೆ ತಿಂಗಳಿಗೆ ಹನ್ನೆರಡನೇ ಒಂದು ಪಾಲು ಎಂದು ಹಂಚಿದರೆ ಸಾಕು. ಉಳಿದ ಕಡೆ ಎರಡು ದಾರಿ: ಗ್ರಾಹಕರಿಗೆ ತಲುಪಿದ ಫಲವನ್ನು ಅಳೆಯುವುದು, ಅಥವಾ ನೀವು ಹಾಕಿದ ವೆಚ್ಚ, ಶ್ರಮವನ್ನು ಅಳೆಯುವುದು. ಎಷ್ಟು ಕಿಲೋಮೀಟರ್ ರಸ್ತೆ ಆಯಿತು, ಎಷ್ಟು ಘಟಕ ತಲುಪಿತು ಎಂಬ ಫಲದ ಅಳತೆ ಓದುವವರಿಗೆ ನೇರ, ನಂಬಿಕೆಗೆ ಅರ್ಹ. ಆದರೆ ಅಡಿಪಾಯದಂಥ ಕಾಣದ ಕೆಲಸವನ್ನು ಅದು ಹಿಡಿಯುವುದಿಲ್ಲ. ಅಳೆಯುವ ಎಂಜಿನಿಯರಿಗೂ ಖರ್ಚು. ವೆಚ್ಚದ ಅಳತೆಗೆ ಬೇಕಾದ ಅಂಕಿಗಳು ನಿಮ್ಮ ಪುಸ್ತಕದಲ್ಲೇ ಇರುತ್ತವೆ, ಹೆಚ್ಚಿನವರು ಇದನ್ನು ಹಿಡಿಯುವುದು ಅದಕ್ಕೇ. ಇದರ ದುರ್ಬಲ ಜಾಗ ಒಂದೇ: ಒಟ್ಟು ವೆಚ್ಚದ ಅಂದಾಜು.

ಲೆಕ್ಕ ಹಾಕಿಯೇ ನೋಡೋಣ. ಕರಾರಿನ ಬೆಲೆ 12,00,000. ಒಟ್ಟು ವೆಚ್ಚದ ಅಂದಾಜು 9,00,000. ಮೊದಲ ವರ್ಷ ಆದ ವೆಚ್ಚ 4,50,000, ಎಂದರೆ ಅರ್ಧ. ಆದಾಯ 6,00,000, ಲಾಭ 1,50,000. ಎರಡನೇ ವರ್ಷದ ಕೊನೆಗೆ ಒಟ್ಟು ವೆಚ್ಚ 8,00,000ಕ್ಕೆ ಏರಿದೆ, ಆದರೆ ಪೂರ್ತಿ ಮುಗಿಸಲು 10,00,000 ಬೇಕೆಂದು ಈಗ ಗೊತ್ತಾಗಿದೆ. ಕೆಲಸ ಆದದ್ದು ನೂರಕ್ಕೆ 80. ಈವರೆಗಿನ ಆದಾಯ 9,60,000 ಇರಬೇಕು. ಹಿಂದಿನ ವರ್ಷದ 6,00,000 ಕಳೆದರೆ ಈ ವರ್ಷದ ಪಾಲು 3,60,000. ವೆಚ್ಚ 3,50,000. ಲಾಭ ಬರೀ 10,000. ಮೊದಲ ವರ್ಷ ಅಂದಾಜನ್ನು ಕಡಿಮೆ ಇಟ್ಟದ್ದರ ಬೆಲೆಯನ್ನು ಎರಡನೇ ವರ್ಷ ತೆತ್ತಂತಾಯಿತು. ಅಂದಾಜು ವೆಚ್ಚ 12,00,000 ದಾಟುವ ಲಕ್ಷಣ ಕಂಡರೆ ಇನ್ನೂ ಕಟ್ಟುನಿಟ್ಟು: ಮುಂದೆ ಆಗಲಿರುವ ನಷ್ಟವನ್ನೂ ತಡಮಾಡದೆ ಈಗಲೇ ತೋರಿಸಬೇಕು.

ಇನ್ನೊಂದು ತಿರುವು. ಮೊದಲ ವರ್ಷದ ಆ 4,50,000ದಲ್ಲಿ 1,50,000 ಹೊರಗಿನಿಂದ ತಂದ ಯಂತ್ರದ್ದು, ಅದು ಗ್ರಾಹಕರ ವಶಕ್ಕೆ ಹೋಗಿದೆ, ಆದರೆ ಇನ್ನೂ ಜೋಡಿಸಿಲ್ಲ ಎನ್ನಿ. ದುಬಾರಿ ಯಂತ್ರ ಅಂಗಳಕ್ಕೆ ಬಂದಿಳಿದ ಮಾತ್ರಕ್ಕೆ ನಿಮ್ಮ ಕೆಲಸ ಅರ್ಧ ಆಗಿಬಿಡಲಿಲ್ಲ. ಅದನ್ನು ಬದಿಗಿಟ್ಟರೆ ಆದ ವೆಚ್ಚ 3,00,000, ಒಟ್ಟು ಅಂದಾಜು 7,50,000, ಪ್ರಗತಿ ನೂರಕ್ಕೆ 40. ಯಂತ್ರದ ಮೊತ್ತ ಕಳೆದ ಬೆಲೆ 10,50,000. ಅದರ ನೂರಕ್ಕೆ 40 ಎಂದರೆ 4,20,000. ಯಂತ್ರಕ್ಕೆ ಲಾಭವಿಲ್ಲದೆ ಅದರ ವೆಚ್ಚದಷ್ಟೇ 1,50,000. ಒಟ್ಟು ಆದಾಯ 5,70,000, ಲಾಭ 1,20,000. ಹಾಳಾದ ಸಾಮಗ್ರಿ, ಅಂದಾಜಿಗೆ ಮೀರಿ ವ್ಯರ್ಥವಾದ ಕೂಲಿಯನ್ನೂ ಹೀಗೆಯೇ ಅಳತೆಯಿಂದ ಹೊರಗಿಡಬೇಕು. ಇಲ್ಲದಿದ್ದರೆ ಪೋಲು ಮಾಡಿದಷ್ಟೂ ಆದಾಯ ಹೆಚ್ಚು ಕಾಣುವ ವಿಚಿತ್ರ ಸ್ಥಿತಿ ಬರುತ್ತದೆ.

2015ರಲ್ಲಿ ಜಪಾನಿನ ತೋಶಿಬಾ ಕಂಪನಿಯ ಲೆಕ್ಕದ ಹಗರಣ ಬಯಲಾದಾಗ ಹೊರಬಿದ್ದ ಸಂಗತಿಗಳಲ್ಲಿ ಇದೂ ಒಂದು. ದೊಡ್ಡ ಗುತ್ತಿಗೆಗಳ ಒಟ್ಟು ವೆಚ್ಚದ ಅಂದಾಜನ್ನು ಕಡಿಮೆ ತೋರಿಸಲಾಗಿತ್ತು, ಅದರಿಂದ ಪ್ರಗತಿಯೂ ಲಾಭವೂ ಉಬ್ಬಿದ್ದವು. ಮುಖ್ಯಸ್ಥ ಹಿಸಾವೊ ತನಾಕಾ ಆ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ವೆಚ್ಚದ ಅಳತೆ ಬಳಸುವ ಯಾವುದೇ ಸಂಸ್ಥೆಗೆ ನಾನು ಹೇಳುವುದು: ಅಂದಾಜು ಮಾಡುವವರೂ, ಗುರಿ ಮುಟ್ಟಿದರೆ ಬೋನಸ್ ಪಡೆಯುವವರೂ ಒಬ್ಬರೇ ಆಗಿರಬಾರದು.

ಎಲ್ಲ ಮುಗಿದ ಮೇಲೆ

ಪೂರ್ಣಗೊಂಡ ಮೇಲೆಯೇ ಬರೆಯುವ ಹಳೆಯ ಗುತ್ತಿಗೆ ಪದ್ಧತಿಯನ್ನು ಕೆಲವು ಕಡೆ ತೆರಿಗೆ ಕಾನೂನು ಸಣ್ಣ ಗುತ್ತಿಗೆದಾರರಿಗೆ ಈಗಲೂ ಒಪ್ಪುತ್ತದೆ. ಅಂದಾಜಿನ ತಲೆನೋವಿಲ್ಲ, ತೆರಿಗೆಯೂ ಮುಂದೂಡುತ್ತದೆ. ಆದರೆ ಎರಡು ವರ್ಷ ಖಾಲಿ, ಮೂರನೇ ವರ್ಷ ಪರ್ವತ; ವರದಿ ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅವಧಿಯುದ್ದಕ್ಕೂ ಬರೆಯಬೇಕೆಂಬ ಪರೀಕ್ಷೆಯನ್ನು ಕರಾರು ದಾಟಿದ್ದರೆ ಐಎಫ್‌ಆರ್‌ಎಸ್ 15 ಇದಕ್ಕೆ ಅವಕಾಶ ಕೊಡುವುದಿಲ್ಲ. ಪ್ರಗತಿ ಅಳೆಯಲು ಆಗುತ್ತಲೇ ಇಲ್ಲ, ಆದರೆ ವೆಚ್ಚ ವಾಪಸು ಬರುವ ಭರವಸೆ ಇದೆ ಎಂದಾದರೆ, ಅಳೆಯಲು ಆಗುವ ತನಕ ಆದ ವೆಚ್ಚದಷ್ಟೇ ಆದಾಯ ಬರೆಯಿರಿ, ಲಾಭ ಬೇಡ ಎನ್ನುತ್ತದೆ. ಎಚ್ಚರದಿಂದ ನಡೆಯಬೇಕೆನ್ನುವವರಿಗೆ ಇದು ಒಳ್ಳೆಯ ನೆಲೆ.

ಒಂದೇ ಬಿಲ್ಲಿನಲ್ಲಿ ಎರಡು ಮಾತು

ಈಗಿನ ವ್ಯವಹಾರಗಳಲ್ಲಿ ಐದರಲ್ಲಿ ಒಂದನ್ನು ಆರಿಸಿದರೆ ಸಾಲದು, ಒಂದೇ ಕರಾರಿಗೆ ಎರಡು ಬೇಕಾಗುತ್ತದೆ. ಉಪಕರಣ ಮಾರಿ ಎರಡು ವರ್ಷದ ನಿರ್ವಹಣೆಯನ್ನೂ ಸೇರಿಸಿ 90,000 ಪಡೆದಿದ್ದೀರಿ. ಬೇರೆಬೇರೆಯಾಗಿ ಮಾರಿದರೆ ಉಪಕರಣಕ್ಕೆ 60,000, ನಿರ್ವಹಣೆಗೆ 40,000. ಆ ಪ್ರಮಾಣದಲ್ಲೇ 90,000ವನ್ನು ಹಂಚಬೇಕು: 54,000 ತಲುಪಿಸಿದ ದಿನ, 36,000 ತಿಂಗಳಿಗೆ 1,500ರಂತೆ 24 ತಿಂಗಳು. ನಿರ್ವಹಣೆ ಉಚಿತ ಎಂದು ಜಾಹೀರಾತಿನಲ್ಲಿ ಹೇಳಿದ್ದರೂ ಹಂಚಿಕೆ ಬದಲಾಗದು. ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಕರಣದ ತಿರುಳೂ ಇಂಥದ್ದೇ. ನಕಲು ಯಂತ್ರಗಳ ಬಾಡಿಗೆ ಕರಾರುಗಳಲ್ಲಿ ಯಂತ್ರದ ಪಾಲನ್ನು ಹಿಗ್ಗಿಸಿ ಆದಾಯವನ್ನು ಬೇಗ ತೋರಿಸಿತೆಂಬ ಆರೋಪದಲ್ಲಿ 2002ರಲ್ಲಿ ಅದು 1 ಕೋಟಿ ಡಾಲರ್ ದಂಡ ತೆರಬೇಕಾಯಿತು.

ವಾರಂಟಿಯನ್ನು ಗೊಂದಲ ಮಾಡಿಕೊಳ್ಳಬೇಡಿ. ವಸ್ತು ಹೇಳಿದಂತೆ ಇದೆ ಎಂಬ ಖಾತರಿಗೆ ಬೇರೆ ಆದಾಯವಿಲ್ಲ, ಅದರ ಅಂದಾಜು ವೆಚ್ಚವನ್ನಷ್ಟೇ ತೆಗೆದಿಡುವುದು. ಹೆಚ್ಚುವರಿ ಸೇವೆಯಾಗಿ ಮಾರಿದ ವಾರಂಟಿಗೆ ಬೇರೆ ಪಾಲು, ಬೇರೆ ಅವಧಿ. ಸೇರುವಾಗ ಪಡೆಯುವ, ಹಿಂದಿರುಗಿಸದ ಪ್ರವೇಶ ಶುಲ್ಕವೂ ಬಹುಪಾಲು ಸಂದರ್ಭಗಳಲ್ಲಿ ಮೊದಲ ದಿನದ ಆದಾಯವಲ್ಲ. ಹಿಂದಿರುಗಿಸಬೇಕಿಲ್ಲ ಎಂದ ಮಾತ್ರಕ್ಕೆ ಅದು ದುಡಿದ ಹಣವಾಗುವುದಿಲ್ಲ. ತಂತ್ರಾಂಶದ ಲೈಸೆನ್ಸ್‌ನಲ್ಲಿ, ಇದ್ದಂತೆಯೇ ಬಳಸುವ ಹಕ್ಕು ಕೊಟ್ಟರೆ ಕೊಟ್ಟಾಗಲೇ ಆದಾಯ, ನೀವು ಬೆಳೆಸುತ್ತಾ ಹೋಗುವ ಬ್ರ್ಯಾಂಡಿನಂಥದ್ದಕ್ಕೆ ಪ್ರವೇಶ ಕೊಟ್ಟರೆ ಅವಧಿಯುದ್ದಕ್ಕೂ. ಮಾರಾಟ ಅಥವಾ ಬಳಕೆಯ ಮೇಲೆ ನಿಂತ ರಾಯಲ್ಟಿಯನ್ನು ಆ ಮಾರಾಟ ಅಥವಾ ಬಳಕೆ ನಡೆಯುವ ಮುನ್ನ ಬರೆಯುವಂತಿಲ್ಲ.

ಬೋನಸ್, ದಂಡ, ರಿಯಾಯಿತಿಗಳಿಂದ ಮೊತ್ತವೇ ಖಚಿತವಿಲ್ಲದಾಗ ಎರಡು ಅಂದಾಜುಗಳು ನಿಮ್ಮ ಮುಂದಿವೆ. ಒಂದೇ ರೀತಿಯ ನೂರಾರು ಕರಾರುಗಳಿದ್ದರೆ ಸಾಧ್ಯತೆಗಳ ತೂಕದ ಸರಾಸರಿ ಸರಿ. ಸಿಗುವುದು ಅಥವಾ ಸಿಗದಿರುವುದು ಎಂಬ ಎರಡೇ ಫಲಿತಾಂಶದ ಒಂದು ದೊಡ್ಡ ಬೋನಸ್‌ಗೆ ಹೆಚ್ಚು ಸಂಭವವಿರುವ ಮೊತ್ತ ಸರಿ. ಯಾವುದನ್ನು ಹಿಡಿದರೂ, ಮುಂದೆ ದೊಡ್ಡದಾಗಿ ಅಳಿಸಬೇಕಾಗುವುದಿಲ್ಲ ಎಂಬ ಬಲವಾದ ನಂಬಿಕೆ ಇರುವಷ್ಟನ್ನು ಮಾತ್ರ ಬರೆಯಬೇಕು.

ಯಾವಾಗ ಎನ್ನುವಷ್ಟೇ ಮುಖ್ಯ, ಎಷ್ಟು ಎನ್ನುವುದು. ಬೇರೆಯವರ ವಸ್ತುವನ್ನು ನಿಮ್ಮ ತಾಣದಲ್ಲಿ 1,000ಕ್ಕೆ ಮಾರಿ 850 ಅವರಿಗೆ ಕೊಟ್ಟರೆ ನಿಮ್ಮ ಆದಾಯ 1,000ವೋ 150ವೋ? ಗ್ರಾಹಕರಿಗೆ ಹೋಗುವ ಮುನ್ನ ಆ ವಸ್ತುವಿನ ಮೇಲೆ ನಿಮಗೆ ಹಿಡಿತವಿತ್ತೇ ಎಂಬುದೇ ಪ್ರಶ್ನೆ. ದಾಸ್ತಾನಿನ ಅಪಾಯ ಹೊತ್ತು, ಬೆಲೆ ನೀವೇ ಇಟ್ಟು, ವಸ್ತು ಕೆಟ್ಟರೆ ನೀವೇ ಉತ್ತರ ಕೊಡುವುದಾದರೆ 1,000. ಪರಿಚಯಿಸಿ ಕಮಿಷನ್ ಪಡೆಯುವುದಷ್ಟೇ ಆದರೆ 150. ಲಾಭ ಎರಡರಲ್ಲೂ ಒಂದೇ, ಆದರೆ ವಹಿವಾಟಿನ ಗಾತ್ರ ನೋಡಿ ಬೆಲೆ ಕಟ್ಟುವ ಹೂಡಿಕೆದಾರರಿಗೆ ಎರಡೂ ಒಂದೇ ಅಲ್ಲ.

ನಿಮಗೆ ಯಾವುದು

ಒಬ್ಬರೇ ನಡೆಸುವ, ಸಾಲವಿಲ್ಲದ, ಕೆಲಸದ ದಿನವೇ ಹಣ ಸಿಗುವ ವ್ಯವಹಾರವಾದರೆ ನಗದು ಪದ್ಧತಿಯಲ್ಲೇ ಇರಿ. ಕಾನೂನು ಒಪ್ಪುವವರೆಗೆ ಬೇರೆಯದಕ್ಕೆ ಖರ್ಚು ಮಾಡಬೇಡಿ. ಗಂಟೆ ಲೆಕ್ಕದ ಸೇವೆಯಾದರೆ ಬಿಲ್ಲನ್ನು ಅನುಸರಿಸಿ. ಸರಕಿನವರಾದರೆ ವಶಕ್ಕೆ ಹೋದ ಗಳಿಗೆ. ನಿಮ್ಮ ಶ್ರಮವನ್ನು ಸಾಗಾಟದ ಷರತ್ತು ಮತ್ತು ವಾಪಸಿನ ದಾಖಲೆಗೆ ಹಾಕಿ, ಬೇರೆಲ್ಲ ಅದರ ಹಿಂದೆ ಬರುತ್ತದೆ. ಚಂದಾ ವ್ಯವಹಾರಕ್ಕೆ ಸಮನಾಗಿ ಹಂಚುವುದು. ಚಂದಾದಾರರು ನೂರು ದಾಟುವ ಮುನ್ನ ಇದನ್ನು ಸ್ಪ್ರೆಡ್‌ಶೀಟಿನಲ್ಲೇ ನಿಭಾಯಿಸಬಹುದು, ಆಮೇಲೆ ಹಂಚಿಕೆಯನ್ನು ತಾನೇ ಮಾಡುವ ತಂತ್ರಾಂಶಕ್ಕೆ ಕೊಡುವ ಹಣ ವ್ಯರ್ಥವಲ್ಲ. ಮುಂಗಡಕ್ಕೂ ಸೇವೆಗೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರವಿದ್ದರೆ ಅದರಲ್ಲಿ ಬಡ್ಡಿಯ ಅಂಶ ಅಡಗಿದೆಯೇ ಎಂದೂ ನೋಡಬೇಕಾಗುತ್ತದೆ. ಒಂದು ವರ್ಷದೊಳಗಿದ್ದರೆ ಆ ಗೋಜು ಬಿಡಬಹುದು.

ದೀರ್ಘ ಗುತ್ತಿಗೆಯವರು ಪರೀಕ್ಷೆ ದಾಟಿದರೆ ಪ್ರಗತಿಯ ಪದ್ಧತಿಗೆ ಹೋಗಲೇಬೇಕು. ಒಂದೇ ಬಗೆಯ ಘಟಕಗಳನ್ನು ಸಾಲಾಗಿ ಕಟ್ಟಿಕೊಡುವವರಿಗೆ ಫಲದ ಅಳತೆಯನ್ನು ಶಿಫಾರಸು ಮಾಡುತ್ತೇನೆ. ಪ್ರತಿ ಕೆಲಸವೂ ಬೇರೆಬೇರೆ ಆಗಿರುವವರಿಗೆ ವೆಚ್ಚದ ಅಳತೆಯೇ ಗತಿ. ಅಂಥವರು ಒಟ್ಟು ವೆಚ್ಚದ ಅಂದಾಜನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಮಾಡಿ, ಹಳೆಯ ಅಂದಾಜುಗಳನ್ನು ಅಳಿಸದೆ ಪಕ್ಕದಲ್ಲಿಡಲಿ. ಎಷ್ಟು ಸಲ, ಯಾವ ದಿಕ್ಕಿಗೆ ತಪ್ಪಿದೆವು ಎಂಬುದು ಆಡಿಟರು ಕೇಳುವ ಮೊದಲೇ ನಿಮಗೆ ಕಾಣುತ್ತದೆ.

ಇಂದು ಸಣ್ಣದಾಗಿದ್ದು ನಾಳೆ ಹೂಡಿಕೆ ಎತ್ತುವ ಯೋಚನೆ ಇರುವವರು ಹಣ ಬೇಕಾದ ವರ್ಷಕ್ಕಿಂತ ಎರಡು ವರ್ಷ ಮೊದಲೇ ನಗದು ಪದ್ಧತಿಯಿಂದ ಹೊರಬರುವುದು ಲೇಸು. ಹೋಲಿಸಲು ಹಿಂದಿನ ವರ್ಷದ ಅಂಕಿಯನ್ನೂ ಅದೇ ಪದ್ಧತಿಯಲ್ಲಿ ಕೇಳುತ್ತಾರೆ, ಹಳೆಯ ಕರಾರುಗಳನ್ನು ಹುಡುಕಿ ಹಿಂದಕ್ಕೆ ಲೆಕ್ಕ ಹಾಕುವುದು ಮುಂದಕ್ಕೆ ಬರೆಯುವುದಕ್ಕಿಂತ ಎಷ್ಟೋ ದುಬಾರಿ. ಸಣ್ಣ, ಮಧ್ಯಮ ಸಂಸ್ಥೆಗಳಿಗಾಗಿ ಇರುವ ಐಎಫ್‌ಆರ್‌ಎಸ್ ಮಾನದಂಡದ ಮೂರನೇ ಆವೃತ್ತಿ 2025ರ ಫೆಬ್ರವರಿಯಲ್ಲಿ ಬಂದಿದೆ. ಆದಾಯದ ಅಧ್ಯಾಯವನ್ನು ಅದರಲ್ಲಿ ಐಎಫ್‌ಆರ್‌ಎಸ್ 15ರ ಐದು ಹೆಜ್ಜೆಗಳ (ಕರಾರನ್ನು ಗುರುತಿಸು, ಕೊಟ್ಟ ಮಾತುಗಳನ್ನು ಗುರುತಿಸು, ಬೆಲೆ ನಿರ್ಧರಿಸು, ಅದನ್ನು ಮಾತುಗಳಿಗೆ ಹಂಚು, ಮಾತು ನೆರವೇರಿದಾಗ ಆದಾಯ ಬರೆ) ಜಾಡಿಗೆ ತರಲಾಗಿದೆ, ಜಾರಿ 2027ರ ಜನವರಿ 1ರಿಂದ. ಆ ಮಾನದಂಡ ಅನ್ವಯಿಸುವವರು ಈಗ ಸಹಿ ಹಾಕುತ್ತಿರುವ ಬಹುವರ್ಷದ ಕರಾರುಗಳು ಆ ದಿನಾಂಕವನ್ನು ದಾಟಿ ಹೋಗುತ್ತವೆ. ಹಾಗಾಗಿ ಪ್ರತಿ ಕರಾರಿನ ಕಡತಕ್ಕೆ ಒಂದು ಪುಟ ಸೇರಿಸಿಡಿ: ಏನೇನು ಕೊಡುವುದಾಗಿ ಹೇಳಿದ್ದೇವೆ, ಪ್ರತಿಯೊಂದರ ಬಿಡಿ ಬೆಲೆ ಎಷ್ಟು, ಯಾವ ಘಟನೆ ನಡೆದಾಗ ಅದು ಗ್ರಾಹಕರದ್ದಾಗುತ್ತದೆ, ಅವರು ನಡುವೆ ಕೈಬಿಟ್ಟರೆ ನಮಗೆ ಸಿಗುವುದೆಷ್ಟು. ಸಹಿಗೆ ಮುನ್ನ ಆ ಪುಟ ತುಂಬಲಾಗದಿದ್ದರೆ ಕರಾರನ್ನು ವಕೀಲರ ಬಳಿಗೆ ವಾಪಸು ಕಳಿಸಿ.